ಅಂತರಗಂಗೆಯಿಂದ ಆವನಿಗೆ: ಒಬ್ಬಳೇ ಕಂಡ ಒಂದು ದಿನ

ಮೂವತ್ತು ವರ್ಷಗಳ ಸಂಸಾರದಲ್ಲಿ ನಾನು ಹೋಗಿಬಂದ ಕ್ಷೇತ್ರಗಳು ಹಲವು. ಆದರೆ ಅವುಗಳನ್ನು ನಿಜವಾಗಿ ಕಂಡೆನೇ ಎಂದು ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ. ಬುತ್ತಿಯ ಗಂಟು, ಮಕ್ಕಳ ಚಪ್ಪಲಿ, ಅತ್ತೆಯವರ ಮಾತ್ರೆ, ಹಿಂತಿರುಗುವ ಬಸ್ಸಿನ ವೇಳೆ ಇವುಗಳ ನಡುವೆ ಕೈಮುಗಿದದ್ದಷ್ಟೇ ನೆನಪು. ಯಜಮಾನರು ಲಿಂಗೈಕ್ಯರಾದ ಮೇಲೆ ಹೊರಡುವ ಪ್ರಸಂಗವೇ ಇಲ್ಲವಾಯಿತು. ಆವನಿಯನ್ನು ನೋಡಬೇಕೆಂಬುದು ಅವರ ಬಹುದಿನದ ಆಸೆ, ಅದು ಕೈಗೂಡಲಿಲ್ಲ.

ಈ ಬೇಸಿಗೆಯಲ್ಲಿ ಕೋಲಾರದ ತಮ್ಮನ ಮನೆಗೆ ಬಂದಿದ್ದಾಗ ಮನಸ್ಸು ಗಟ್ಟಿ ಮಾಡಿದೆ. “ಭಾನುವಾರದವರೆಗೆ ತಡಿ ಅಕ್ಕಾ, ನಾನೂ ಬರುತ್ತೇನೆ” ಎಂದ ತಮ್ಮ. “ಬೇಡಪ್ಪ, ಇದೊಂದು ಸಲ ಒಬ್ಬಳೇ ಹೋಗಿ ಬರುತ್ತೇನೆ” ಎಂದು ನಸುಕಿನಲ್ಲೇ ಹೊರಟೆ.

ಊರಿಗೆ ಅಂಟಿಕೊಂಡಂತಿರುವ ಶತಶೃಂಗ ಪರ್ವತದ ಮೆಟ್ಟಿಲುಗಳನ್ನು ಹತ್ತಿದರೆ ಅಂತರಗಂಗೆ. ಕಾಶಿ ವಿಶ್ವೇಶ್ವರನ ಸನ್ನಿಧಿಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಕಲ್ಯಾಣಿಗೆ ಬೀಳುತ್ತದೆ. ಸದಾ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನಂಬಿದ ಈ ಸೀಮೆಯಲ್ಲಿ ಅದನ್ನು ಗಂಗೆಯೆಂದು ಕರೆದವರ ಕೃತಜ್ಞತೆ ಎಷ್ಟೆಂಬುದು ಆ ತಣ್ಣೀರಿಗೆ ಬೊಗಸೆಯೊಡ್ಡಿದಾಗ ತಿಳಿಯಿತು. ಅವಸರಪಡಿಸುವವರಿಲ್ಲದೆ ಅರ್ಧ ಗಂಟೆ ಕುಳಿತೆ. ಆ ವೇಳೆಗೆ ನನ್ನ ಬುತ್ತಿಯನ್ನು ಕಪಿಯೊಂದು ಒಯ್ದಿತ್ತು!

ಕೆಳಗಿಳಿದು ಕೋಲಾರಮ್ಮನ ಗುಡಿಗೆ ಬಂದೆ. ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳು ಅಲ್ಲಿನ ಗೋಡೆಗಳಲ್ಲಿವೆ. ಚೇಳಿನ ಭಯ ನೀಗಲೆಂದು ಜನರು ಚೇಳಮ್ಮನಿಗೆ ನಡೆದುಕೊಳ್ಳುತ್ತಾರೆ. ಸಮೀಪದ ಸೋಮೇಶ್ವರ ದೇವಾಲಯ ವಿಜಯನಗರದವರ ಕಾಲದ್ದು. ಅದರ ಕಲ್ಯಾಣ ಮಂಟಪದ ಕಂಬಗಳನ್ನು ಒಂದೊಂದಾಗಿ ಸುತ್ತಿ ನೋಡಿದೆ. ಮದುವೆಯ ಹೊಸತರಲ್ಲಿ ಇಲ್ಲಿಗೆ ಬಂದಿದ್ದೆ. ಆದರೂ ಆ ಕೆತ್ತನೆಗಳೆಲ್ಲ ನನಗೆ ಹೊಸವು.

ಮಧ್ಯಾಹ್ನ ಮುಳಬಾಗಿಲಿನ ಬಸ್ಸು ಹಿಡಿದೆ. ಮೂಡಣ ಬಾಗಿಲೆಂಬ ಹೆಸರಿನ ಈ ಊರು 1887ರಲ್ಲಿ ಡಿ.ವಿ. ಗುಂಡಪ್ಪನವರು ಜನಿಸಿದ ಸ್ಥಳ. ಬಸ್ ನಿಲ್ದಾಣದ ಬಳಿ ಶ್ರೀನಿವಾಸಪುರದ ಮಾವಿನ ಹಣ್ಣುಗಳ ರಾಶಿ. ಕಳೆದುಹೋದ ಬುತ್ತಿಗೆ ಎರಡು ಹಣ್ಣು ಸಾಟಿಯಾದವು. ಅಲ್ಲಿಂದ ಆಟೋದಲ್ಲಿ ಆವನಿಗೆ ಹೋದೆ.

ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂಬ ಗುಡಿಗಳು ಒಂದೇ ಪ್ರಾಕಾರದಲ್ಲಿ ಸೋದರರಂತೆ ನಿಂತಿವೆ. ಇವು ನೊಳಂಬರ ಕಾಲದ ಶಿವಾಲಯಗಳು. 10ನೆಯ ಶತಮಾನದಲ್ಲಿ ತ್ರಿಭುವನಕರ್ತಾರನೆಂಬ ಶೈವ ಯತಿಯು 40 ವರ್ಷ ಈ ಸ್ಥಾನವನ್ನಾಳಿ 50 ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ದೇಗುಲದೊಡನೆ ಕೆರೆಯನ್ನೂ ಎಣಿಸಿದ ಆ ಲೆಕ್ಕ ನನಗೆ ಹಿಡಿಸಿತು. ಭಕ್ತಿಯೂ ಬಾಯಾರಿಕೆಯೂ ಒಂದೇ ಜನರವು ತಾನೆ?

ಬಿಸಿಲು ಇಳಿದ ಮೇಲೆ ಬೆಟ್ಟದ ಕಡೆ ನಡೆದೆ. ಮೇಲೆ ಸೀತಮ್ಮನ ಗುಡಿಯಿದೆ. ವಾಲ್ಮೀಕಿಯ ಆಶ್ರಮವಿದ್ದದ್ದೂ ಲವಕುಶರು ಹುಟ್ಟಿದ್ದೂ ಇಲ್ಲಿಯೇ ಎಂಬುದು ಈ ಕಡೆಯವರ ನಂಬಿಕೆ. ಬುಡದಲ್ಲಿ ಹೂ ಮಾರುತ್ತಿದ್ದ ಮುದುಕಿ ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ, “ಒಬ್ರೇ ಬಂದ್ರಾ ಅಮ್ಮಾ?” ಎಂದಳು. ಹೌದೆಂದೆ. “ಸೀತಮ್ಮನೂ ಎರಡು ಮಕ್ಕಳ್ನ ಇಟ್ಕೊಂಡು ಒಬ್ಬಳೇ ಇದ್ಳಲ್ಲಮ್ಮಾ ಇಲ್ಲಿ. ನಿಧಾನಕ್ಕೆ ಹತ್ತಿ” ಎಂದು ಹೂವು ಕೊಟ್ಟಳು. ಆ ಮಾತಿನ ಬಲದಿಂದಲೇ ಬಂಡೆಗಳನ್ನು ಹತ್ತಿದೆ. ಮೇಲೆ ನಿಂತು ಬಯಲನ್ನು ನೋಡುವಾಗ ಅವರ ನೆನಪು ಬಂದು ಕಣ್ಣು ತೇವವಾಯಿತು. ಆದರೆ ಅದು ನೋವಿನ ನೀರಷ್ಟೇ ಆಗಿರಲಿಲ್ಲ.

ಓದುಗ ಸೋದರಿಯರಿಗೆ ಒಂದೆರಡು ಮಾತು. ಅಂತರಗಂಗೆಗೆ ಬೆಳಗ್ಗೆಯೇ ಹೋಗಿ, ಬುತ್ತಿಯನ್ನು ಮಾತ್ರ ಕಪಿಗಳಿಂದ ಕಾಪಾಡಿಕೊಳ್ಳಿ. ಆವನಿಗೆ ಹೋಗುವಾಗ ಕುಡಿಯುವ ನೀರಿರಲಿ. ಮರಳುವ ವಾಹನವನ್ನು ಮೊದಲೇ ಗೊತ್ತುಮಾಡಿಕೊಂಡು, ಬೆಳಕಿರುವಾಗಲೇ ಬೆಟ್ಟವಿಳಿಯಿರಿ.

ರಾತ್ರಿ ಕೋಲಾರದ ಬಸ್ ನಿಲ್ದಾಣದಲ್ಲಿ ತಮ್ಮ ಕಾದಿದ್ದ. “ಹೇಗಿತ್ತಕ್ಕಾ?” ಎಂದ. “ಭಾನುವಾರ ನೀನೂ ಬಾ, ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ” ಎಂದೆ.