ಬಡಾಬಾಗ್‌ನ ತಂತಿಗಳು

ಜೈಸಲ್ಮೇರ್ ಬಳಿಯ ಬಡಾಬಾಗ್‌ನಲ್ಲಿ ರಾಜರ ಕಲ್ಲಿನ ಛತ್ರಿಗಳ ಹಿಂದೆಯೇ ಗಾಳಿಯಂತ್ರಗಳು ತಿರುಗುತ್ತವೆ. ಫೋಟೊಗೆ ಚೆನ್ನ. ಆದರೆ ಈ ಸೀಮೆಯ ವಿದ್ಯುತ್ ತಂತಿಗಳು ಗೋಡಾವಣ್ ಹಕ್ಕಿಗೆ ಕಂಟಕ. ನಮ್ಮ ಸಿರುಗುಪ್ಪದ ಎರೆಹೊಲಗಳ ಎರೆಭೂತವೇ ಇದು. ಹದಿನೈದು ಕಿಲೋವರೆಗೆ ತೂಗುವ ಮೈ, ನೇರ ಎದುರಿನದು ಸರಿಯಾಗಿ ಕಾಣದ ಕಣ್ಣು. ತಂತಿ ಕಂಡಾಗ ತಿರುಗಲು ಹೊತ್ತಿರುವುದಿಲ್ಲ.

2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿ ಹಾಕಿ ಎಂದಿತು. 2024ರಲ್ಲಿ ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು.

ಕಲ್ಲಿದ್ದಲು ಬಿಡಬೇಕು, ನಿಜ. ಆದರೆ ಮರುಭೂಮಿ ಖಾಲಿ ಜಾಗವಲ್ಲ. ದೇವರ ಹೆಸರಲ್ಲಿ ಊರವರು ಕಾಪಾಡಿದ ಓರಣ್‌ಗಳಲ್ಲಿ ಒಂಟೆ, ಕುರಿ ಮೇಯುತ್ತವೆ. ಕಾಗದದಲ್ಲಿ ಪಾಳು ಎಂದು ಬರೆದ ಮಾತ್ರಕ್ಕೆ ಅದು ಪಾಳಲ್ಲ. ಕಂಬ ನೆಡುವ ಮೊದಲೇ ಹಕ್ಕಿಯ ದಾರಿ ನೋಡಿ ಜಾಗ ಆರಿಸಬೇಕು.

ಮೂರು ದಿನ ಸುತ್ತಿದರೂ ನಮಗೆ ಗೋಡಾವಣ್ ಕಾಣಲಿಲ್ಲ. ತಂತಿಗಳು ಮಾತ್ರ ಕಂಡವು.