ಕೆಲಸವಿಲ್ಲದ ಎಡಗಾಲು

ನನ್ನ ಎಡಗಾಲಿಗೆ ಕಳೆದ ವರ್ಷ ನಿವೃತ್ತಿಯಾಯಿತು. ಉಳಿದ ದೇಹಕ್ಕೆ ಸರ್ಕಾರ ನಿವೃತ್ತಿ ಕೊಟ್ಟು ಹತ್ತು ವರ್ಷ ಕಳೆದಿದ್ದರೂ ಈ ಕಾಲು ಮಾತ್ರ ಕ್ಲಚ್ಚು ತುಳಿಯುತ್ತ ದುಡಿಯುತ್ತಲೇ ಇತ್ತು. ಮಂಡಿ ಸವೆದಿದೆಯೆಂದು ಡಾಕ್ಟರು ಹೇಳಿದ್ದೇ ತಡ, ಮಗಳು ಹಳೆಯ ಕಾರನ್ನು ಮಾರಿಸಿ, ಗೇರು ತಾನಾಗಿ ಬದಲಾಗುವ ಕಾರೊಂದನ್ನು ತಂದು ನಿಲ್ಲಿಸಿದಳು. “ಇನ್ನೇನೂ ಕಷ್ಟವಿಲ್ಲ ಅಪ್ಪಾ, ಎರಡೇ ಪೆಡಲು” ಎಂದಳು.

ಎರಡೇ ಎಂಬುದೇ ಕಷ್ಟವೆಂದು ಅವಳಿಗೆ ಹೇಗೆ ತಿಳಿಯಬೇಕು? ನಾನು ಕಾರು ಕಲಿತದ್ದು 1978ರಲ್ಲಿ, ಸ್ಟೀರಿಂಗಿನ ಮಗ್ಗುಲಿಗೇ ಗೇರಿನ ಕಡ್ಡಿಯಿದ್ದ ಅಂಬಾಸಿಡರಿನಲ್ಲಿ. ಮೊದಲ ದಿನವೇ ಜಯನಗರದ ಸಿಗ್ನಲ್ಲಿನ ಬಳಿ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಬ್ರೇಕಿನ ಮೇಲೆ ಬಿತ್ತು. ಕ್ಲಚ್ಚನ್ನು ತುಳಿಯುವುದು ತಳ ಮುಟ್ಟುವ ತನಕ. ಬ್ರೇಕನ್ನು ಹಾಗೆ ತುಳಿದರೆ ಏನಾಗುತ್ತದೆಂಬುದು ನನ್ನಾಕೆಯ ಕೈಚೀಲದಿಂದ ಹಾರಿದ ನಿಂಬೆಹಣ್ಣುಗಳಿಗೂ, ಹಿಂದೆ ಬರುತ್ತಿದ್ದ ಆಟೋದವನ ಬಾಯಿಗೂ ಗೊತ್ತಾಯಿತು. ಅಂದಿನಿಂದ ಆ ಕಾಲನ್ನು ಸೀಟಿನ ಬುಡಕ್ಕೆ ಮಡಿಸಿಡುತ್ತೇನೆ.

ಇದು ನಗುವ ಮಾತು. ಮುಂದಿನದು ಹಾಗಲ್ಲ.

ಅದಾದ ವಾರಕ್ಕೆ ಒಂದು ಬೆಳಿಗ್ಗೆ, ನನ್ನಾಕೆ ಕಾರಿನ ಹಿಂದೆ ಗೇಟು ತೆರೆದು ಹಿಡಿದು ನಿಂತಿದ್ದಳು. ಕಡ್ಡಿಯನ್ನು ‘ಆರ್’ಗೆ ಸರಿಸಿ ಇನ್ನೇನು ಹೊರಡಬೇಕು, ಕನ್ನಡಕ ಮೇಜಿನ ಮೇಲೆಯೇ ಉಳಿದದ್ದು ನೆನಪಾಯಿತು. ಬಾಗಿಲು ತೆಗೆದು ಬಲಗಾಲನ್ನು ನೆಲಕ್ಕಿಟ್ಟೆ. ನಮ್ಮ ದೇಶದಲ್ಲಿ ಕಾರು ಓಡಿಸುವವನು ಇಳಿಯುವುದು ಬಲಕ್ಕೆ. ಮೊದಲು ಹೊರಡುವುದು ಬಲಗಾಲು. ಅಷ್ಟು ಹೊತ್ತು ಬ್ರೇಕನ್ನು ಹಿಡಿದಿದ್ದದ್ದೂ ಅದೇ ಕಾಲು! ಹಳೆಯ ಕಾರಾಗಿದ್ದರೆ, ಗೇರಿನಲ್ಲಿರುವಾಗ ಕ್ಲಚ್ಚು ಬಿಟ್ಟರೆ ಒಮ್ಮೆ ಜಿಗಿದು, ಕೆಮ್ಮಿ, ನಿಂತುಬಿಡುತ್ತಿತ್ತು. ಇದು ಕೆಮ್ಮಲಿಲ್ಲ. ಬೆಕ್ಕಿನ ಹಾಗೆ ಸದ್ದಿಲ್ಲದೆ ಹಿಂದಕ್ಕೆ ಹೊರಟಿತು.

“ರೀ! ರೀ!”

ಒಳಕ್ಕೆಳೆದುಕೊಂಡ ಕಾಲು ಯಾವ ಪೆಡಲಿನ ಮೇಲೆ ಬಿತ್ತೆಂದು ಆ ಕ್ಷಣದಲ್ಲಿ ನನಗೆ ತಿಳಿಯದು. ಬ್ರೇಕಿನ ಮೇಲೆ ಬಿದ್ದಿತ್ತು. ಆಕ್ಸಿಲರೇಟರು ಅಲ್ಲಿಂದ ಒಂದು ಗೇಣೂ ದೂರವಿಲ್ಲ. ದಾಸವಾಳದ ಕುಂಡ ಒಡೆದಿತ್ತು. ಅವಳು ಗೇಟಿಗೂ ಗೋಡೆಗೂ ನಡುವೆ ಸೆರಗು ಹಿಡಿದು ನಿಂತಿದ್ದಳು. ಅಂದು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಇನ್ನು ಈ ವಯಸ್ಸಿನಲ್ಲಿ ಕಾರು ಸಾಕು ಎಂದು ಕೀಲಿಕೈಯನ್ನು ದೇವರ ಮನೆಯ ಗೂಡಿನಲ್ಲಿಟ್ಟೆ.

ಆದರೆ ಅವಳನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕು. ನಾಲ್ಕನೆಯ ದಿನ ಅವಳೇ ಕೀಲಿಕೈ ತಂದುಕೊಟ್ಟಳು. ನಾನು ಕಾರಿನ ಜೊತೆ ಬಂದ ಪುಸ್ತಕವನ್ನು ಪರೀಕ್ಷೆಗೆ ಕೂತವನಂತೆ ಓದಿದೆ. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆಯಲ್ಲಿ ಎದುರುಬದುರಾಗಿ ಕುಳಿತ ಎರಡು ಪಂಖಗಳಿವೆ. ಒಂದು ತಿರುಗಿದರೆ ಎಣ್ಣೆಯ ರಭಸಕ್ಕೆ ಇನ್ನೊಂದೂ ತಿರುಗುತ್ತದೆ. ಆದ್ದರಿಂದಲೇ ಬ್ರೇಕು ಬಿಟ್ಟೊಡನೆ ಕಾರು ತೆವಳುವುದು. ‘ಪಿ’ ಎಂದರೆ ಗೇರುಪೆಟ್ಟಿಗೆಯೊಳಗಿನ ಹಲ್ಲುಚಕ್ರಕ್ಕೆ ಸಿಕ್ಕಿಸುವ ಒಂದು ಸಣ್ಣ ಅಗುಳಿ. ಇಳಿಜಾರಿನಲ್ಲಿ ಕಾರಿನ ಭಾರವನ್ನೆಲ್ಲ ಆ ಬಡಪಾಯಿಯ ಮೇಲೆ ಹೊರಿಸಬಾರದು. ಕಾಲು ಬ್ರೇಕಿನ ಮೇಲಿರುವಾಗಲೇ ‘ಎನ್’ಗೆ ತಂದು, ಹ್ಯಾಂಡ್‌ಬ್ರೇಕು ಎಳೆದು, ಕಾಲನ್ನು ಮೆಲ್ಲಗೆ ಸಡಿಲಿಸಿ ಕಾರು ಅದರ ಮೇಲೆ ನಿಂತಿತೆಂದು ಕಂಡ ಮೇಲೆ, ಬ್ರೇಕು ಮತ್ತೆ ಒತ್ತಿ ‘ಪಿ’ಗೆ ಹಾಕಬೇಕು. (2014ರ ಸೆಲೆರಿಯೋ ಬಂದ ಮೇಲೆ ನಮ್ಮಲ್ಲಿ ಹಬ್ಬಿದ ಅಗ್ಗದ ಬಗೆಯಲ್ಲಿ ಹಲವಕ್ಕೆ ‘ಪಿ’ಯೇ ಇಲ್ಲ, ಅಲ್ಲಿ ಹ್ಯಾಂಡ್‌ಬ್ರೇಕೇ ಗತಿ.) ನಂದಿಬೆಟ್ಟದಂಥ ಕಡೆ ಇಳಿಯುವಾಗ ಬ್ರೇಕನ್ನೇ ಒತ್ತುತ್ತ ಬಂದರೆ ಅದು ಕಾದು ಸೋಲುತ್ತದೆ, ಕೆಳಗಿನ ಗೇರಿಗೆ ತಂದು ಎಂಜಿನ್ನಿಗೇ ಕಾರನ್ನು ಹಿಡಿಯಲು ಬಿಡಬೇಕು.

ಈಗಲೂ ಗೇಟು ತೆಗೆಯುವವಳು ಅವಳೇ. ಆದರೆ ಕಾರಿನ ಹಿಂದೆ ಹೋಗುವ ಮೊದಲು ನನ್ನ ಕಿಟಕಿಯ ಬಳಿ ನಿಂತು ಬಗ್ಗಿ ನೋಡುತ್ತಾಳೆ.

“ಪಿ ಹಾಕಿದೀರಾ?”

“ಹಾಕಿದೀನಿ.”

“ಕನ್ನಡಕ?”