ಅವ್ವನ ಕುಕ್ಕರೂ, ಹಂಪಿಯ ಬಂಡೆಯೂ

ಕಳೆದ ಬೇಸಿಗೆಯಲ್ಲಿ ಹೊಸಪೇಟೆಗೆ ಹೋದಾಗ ಅವ್ವನ ಬಲಗೈ ಮೇಲೆ ಸುಟ್ಟ ಕಲೆ ಕಂಡಿತು. ಕೇಳಿದರೆ "ಏನಿಲ್ಲ ಬಿಡಪ್ಪಾ, ಕುಕ್ಕರ್ ಹಬಿ ಬಡೀತು" ಅಂದಳು. ಮುಚ್ಚಳದ ಅಂಚಿನಿಂದ ಹಬೆ ನುಗ್ಗಿತ್ತಂತೆ.

ತಪ್ಪು ಅವಳದಲ್ಲ, ನನ್ನದು. ನಾಲ್ಕು ವರ್ಷದ ಹಿಂದೆ ಕಪ್ಪು ರಬ್ಬರ್ ತೆಗೆಸಿ, ಬಿಳಿ ಸಿಲಿಕೋನ್ ಗ್ಯಾಸ್ಕೆಟ್ ಹಾಕಿಸಿ, "ಇದಕ್ಕೆ ಬಿಸಿ ಅಂದ್ರೆ ಲೆಕ್ಕಕ್ಕೇ ಇಲ್ಲ, ಇನ್ನು ಬದಲಿಸೋದೇ ಬೇಡ" ಅಂತ ಜಂಬ ಕೊಚ್ಚಿದವನು ನಾನೇ! ಅವ್ವ ನಂಬಿದಳು. ಅನ್ನ ಅರೆಬೆಂದಾಗಲೂ ಕಂಪ್ಲಿಯಿಂದ ಬಂದ ಅಕ್ಕಿಯನ್ನೇ ಬೈದುಕೊಂಡಳಂತೆ...

ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಸಿಲಿಕೋನಿನ ಮೂಲ ಬೆಣಚುಕಲ್ಲು. ಅದರಿಂದ ಆಮ್ಲಜನಕ ತೆಗೆದರೆ ಸಿಲಿಕಾನ್. ತಾಮ್ರದ ನೆರವಿನಿಂದ ಸುಮಾರು 300 ಡಿಗ್ರಿ ಬಿಸಿಯಲ್ಲಿ ಅದನ್ನು ಮೀಥೈಲ್ ಕ್ಲೋರೈಡ್ ಜೊತೆ ಸೇರಿಸಿ, ಬಂದದ್ದನ್ನು ನೀರಿನೊಂದಿಗೆ ಬೆರೆಸಿದರೆ ಸಿಲಿಕೋನಿನ ಸರಪಳಿ ಶುರು. ಅದರ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕ. ಹಂಪಿಯ ಬಂಡೆಗಳಲ್ಲಿ, ಸಂಡೂರಿನ ಕಬ್ಬಿಣದ ಅದಿರಿನ ನಡುವಿನ ಬೆಣಚು ಪಟ್ಟೆಗಳಲ್ಲಿ ಇರುವುದೂ ಇದೇ ಜೋಡಿ. ಈ ಬೆಸುಗೆ ಗಟ್ಟಿ. ಹಾಗಾಗಿ ಒಣ ಗಾಳಿಯಲ್ಲಿ ಸಿಲಿಕೋನ್ 200 ಡಿಗ್ರಿವರೆಗೂ ತಡೆಯುತ್ತದೆ. ಕುಕ್ಕರಿನೊಳಗೆ ಇರುವುದು ಸುಮಾರು 120 ಅಷ್ಟೇ.

ನಾನು ಎಷ್ಟು ಡಿಗ್ರಿ ಅಂತ ನೋಡಿದೆ, ಎಷ್ಟು ಸಲ ಅಂತ ನೋಡಲಿಲ್ಲ. ದಿನಾ ಎರಡು ಹೊತ್ತು ಮುಚ್ಚಳದ ಕೆಳಗೆ ಒತ್ತಿಸಿಕೊಂಡು ಕಾದರೆ ಗ್ಯಾಸ್ಕೆಟ್ ಮೆಲ್ಲಗೆ ಚಪ್ಪಟೆಯಾಗಿ ಹಾಗೇ ಉಳಿದುಬಿಡುತ್ತದೆ, ಮತ್ತೆ ಪುಟಿಯುವುದಿಲ್ಲ. ಎಣ್ಣೆ ಹೀರಿ ಉಬ್ಬುತ್ತದೆ. ಬಿಸಿ ಹಬೆಯೂ ನಿಧಾನಕ್ಕೆ ಆ ಸರಪಳಿಯನ್ನು ಕಡಿಯುತ್ತದೆ. ಹಂಪಿಯ ಬಂಡೆಗಳೂ ಅಷ್ಟೇ ಅಲ್ವಾ? ಹಗಲು ಕಾದು ರಾತ್ರಿ ತಣ್ಣಗಾಗುತ್ತಾ, ಮಳೆಗೆ ನೆನೆಯುತ್ತಾ, ಸಾವಿರಾರು ವರ್ಷಗಳಲ್ಲಿ ಈರುಳ್ಳಿ ಸಿಪ್ಪೆಯಂತೆ ಪದರ ಬಿಡುತ್ತವೆ. ಕಲ್ಲಿನ ಪಾಡೇ ಹೀಗಾದರೆ ಗ್ಯಾಸ್ಕೆಟ್ ಯಾವ ಲೆಕ್ಕ!

ಹಳೆಯ ಗ್ಯಾಸ್ಕೆಟ್ಟಿನ ಸಣ್ಣ ಚೂರನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲಲ್ಲಿ ಸುಟ್ಟು ನೋಡಿದೆ. ಸಣ್ಣಗೆ ಉರಿದು ಬೆಳ್ಳಗಿನ ಬೂದಿಯಾಯಿತು. ಅದು ಸಿಲಿಕಾ, ಮರಳಿನಲ್ಲಿರುವುದೇ ಅಂದೆ. ಅವ್ವ ಬಗ್ಗಿ ನೋಡಿ, "ಇದಕ್ಕೇನಪಾ ನೀ ಬದಲಿಸೋದು ಬ್ಯಾಡ ಅಂದಿದ್ದು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಅವಳ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬಂದಿದ್ದೇನೆ: ಯುಗಾದಿಗೊಂದು ಹೊಸ ಗ್ಯಾಸ್ಕೆಟ್. ಅವಳ ಕೈಯ ಕಲೆ ಮಾತ್ರ ಇನ್ನೂ ಮಾಸಿಲ್ಲ.

ಅಂದಹಾಗೆ, ನಿಮ್ಮ ಮನೆಯದನ್ನು ಬದಲಿಸಿ ಎಷ್ಟು ದಿನವಾಯ್ತು?